ಗಿಡುಗಕ್ಕೊಂದು ಹರಳು

ಆ ಊರಿನಲ್ಲಿ ಉಳಿಯಬೇಕಾದರೆ ತಲೆಗೊಂದು ಗಿಡುಗ ಬೇಕಿತ್ತು. ಮುತ್ತುಗ ಹೂಬಿಟ್ಟು ಕಾಡು ಕೆಂಪಾಗುವ ಹೊತ್ತಿಗೆ ತೆಂಕಣದಿಂದ ಗಿಡುಗಗಳು ಬರುತ್ತಿದ್ದವು. ಊರ ಹಿಂದಿನ ಬೆಟ್ಟದ ನೆತ್ತಿಯನ್ನು ದಾಟಿ ಬಡಗಣಕ್ಕೆ ಹೋಗುತ್ತಿದ್ದವು. ಎಷ್ಟು ಗಿಡುಗ ದಾಟಿದವೋ ಅಷ್ಟು ಜನ ಮುಂದಿನ ವಸಂತದವರೆಗೆ ಊರಿನಲ್ಲಿ ಇರಬಹುದಿತ್ತು. ಈ ಕಟ್ಟಳೆಯನ್ನು ಯಾರು ಮಾಡಿದರೆಂದು ಯಾರಿಗೂ ತಿಳಿಯದು. ಕೇಳಿದರೆ, ಊರಿಗಿಂತ ಮೊದಲು ಬೆಟ್ಟವಿತ್ತು, ಬೆಟ್ಟದ ಜೊತೆಗೇ ಕಟ್ಟಳೆಯಿತ್ತು ಎನ್ನುತ್ತಿದ್ದರು.

ಎಣಿಸಲು ಇಬ್ಬರು ಬೆಟ್ಟ ಹತ್ತುತ್ತಿದ್ದರು. ನೋಡುವವಳು ಒಬ್ಬಳು, ಹಾಕುವವನು ಒಬ್ಬ. ನೆತ್ತಿಯ ಬಂಡೆಯ ಮೇಲೆ ಇಬ್ಬರೂ ಪಕ್ಕಪಕ್ಕ ಕೂರಬೇಕು. ನೋಡುವವಳು ಹರಳು ಮುಟ್ಟಬಾರದು, ಅದಕ್ಕೆ ಅವಳ ಕೈಗಳನ್ನು ಬಟ್ಟೆಯಿಂದ ಕಟ್ಟಿರಬೇಕು. ಹಾಕುವವನು ಆಕಾಶ ನೋಡಬಾರದು, ಅದಕ್ಕೆ ಅವನ ಕಣ್ಣನ್ನು ಬಟ್ಟೆಯಿಂದ ಕಟ್ಟಿರಬೇಕು. ಒಂದು ಗಿಡುಗ ತಲೆಯ ಮೇಲೆ ದಾಟಿದಾಗ ಅವಳು "ಹೋಯ್ತು" ಎನ್ನಬೇಕು. ಅವನು ಪಕ್ಕದ ರಾಶಿಯಿಂದ ಒಂದು ಬೆಣಚು ಹರಳನ್ನು ತೆಗೆದು ಗಡಿಗೆಗೆ ಹಾಕಬೇಕು. ಹೋಯ್ತು, ಟಕ್. ಹೋಯ್ತು, ಟಕ್. ಬೆಳಗಿನಿಂದ ಬೈಗಿನವರೆಗೆ ಬೆಟ್ಟದ ಮೇಲೆ ಅಷ್ಟೇ ಮಾತು, ಅಷ್ಟೇ ಸದ್ದು.

ಹೊಂಗೆಯ ಹೂ ಉದುರಿ ನೆಲ ಬಿಳುಪಾದ ಮೇಲೆ ಗಡಿಗೆ ಕೆಳಗಿಳಿಯುತ್ತಿತ್ತು. ಊರ ಕಣದಲ್ಲಿ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು. ವಯಸ್ಸಾದವರು ಮುಂದೆ, ಎಳೆಯರು ಹಿಂದೆ. ಎಲ್ಲರಿಗಿಂತ ಮುಂದೆ ನಿಲ್ಲುವ ಮುದುಕನನ್ನು ಮೊದಲಿಗ ಎನ್ನುತ್ತಿದ್ದರು. ಊರಿನ ನ್ಯಾಯ ಹೇಳುವವನೂ ಅವನೇ. ಸಾಲಿನ ಹಿಂದೆ, ತಾಯಂದಿರ ತೋಳಿನಲ್ಲಿ, ಆ ವರ್ಷ ಹುಟ್ಟಿದ ಕೂಸುಗಳು. ಕೂಸುಗಳಿಗೂ ಹಿಂದೆ, ಕಟ್ಟಕಡೆಗೆ, ನೋಡಿದವಳು ಮತ್ತು ಹಾಕಿದವನು. ಒಬ್ಬೊಬ್ಬರಾಗಿ ಬಂದು ಗಡಿಗೆಗೆ ಕೈಯಿಟ್ಟು ಒಂದು ಹರಳು ತೆಗೆದುಕೊಳ್ಳುತ್ತಿದ್ದರು. ಹರಳು ಸಿಕ್ಕವರು ಮನೆಗೆ ಹೋಗುತ್ತಿದ್ದರು. ಸಿಗದವರು ಬೆಟ್ಟದ ಪಕ್ಕದ ಕಣಿವೆ ಹಿಡಿದು ಬಡಗಣಕ್ಕೆ ಹೋಗುತ್ತಿದ್ದರು. ತಿರುಗಿ ನೋಡಬಾರದು, ತಿರುಗಿ ಬರಬಾರದು. ಕೂಸಿಗೆ ಸಿಗದಿದ್ದರೆ ತಾಯಿಯೂ ಹೋಗುತ್ತಿದ್ದಳು. ಅದಕ್ಕೆ ಕಟ್ಟಳೆ ಬೇಕಿರಲಿಲ್ಲ.

ಹಿಂದೆ ಇದೆಲ್ಲ ಹಬ್ಬದ ಹಾಗೆ ನಡೆದುಹೋಗುತ್ತಿತ್ತು. ಗಿಡುಗಗಳು ಬಂದರೆ ಬಿಸಿಲಿಗೆ ಚಪ್ಪರ ಹಾಕಿದಂತಾಗುತ್ತಿತ್ತು. ಎಲ್ಲರೂ ತೆಗೆದುಕೊಂಡ ಮೇಲೂ ಗಡಿಗೆಯಲ್ಲಿ ಹರಳು ಮಿಕ್ಕಿರುತ್ತಿತ್ತು, ಮಿಕ್ಕಿದ್ದನ್ನು ಹಳ್ಳಕ್ಕೆ ಸುರಿಯುತ್ತಿದ್ದರು. ಆಮೇಲೆ ಒಂದು ವರ್ಷ ಮಿಗಲಿಲ್ಲ. ಮತ್ತೊಂದು ವರ್ಷ ಸಾಲಲಿಲ್ಲ. "ಮುಂದಿನ ಸಲ ಬರ್ತಾವೆ ಬಿಡ್ರಿ" ಎಂದು ಮೊದಲಿಗ ತನ್ನ ಹರಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಹರಳು ಸಾಲದೆ ಹೋದ ಆ ವರ್ಷ ನೆತ್ತಿಯ ಮೇಲೆ ಕೂತಿದ್ದವಳು ದ್ಯಾವಕ್ಕ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಎರಡು ಕಣ್ಣು. ದೂರದಲ್ಲಿ ರಾಗಿ ಕಾಳಿನಷ್ಟು ಕಂಡದ್ದು ಗಿಡುಗವೋ ಕಾಗೆಯೋ ಎಂದು ಹೇಳಬಲ್ಲವಳು. ಅವಳು ಇದ್ದದ್ದನ್ನು ಇದ್ದಷ್ಟೇ ಎಣಿಸಿದಳು. ಎಣಿಸಿದವರು ಕಟ್ಟಕಡೆಗೆ ನಿಲ್ಲುವುದು ಆಮೇಲೆ ಬಂದ ಕಟ್ಟಳೆ, ಆಗ ಅವಳೂ ಹಾಕುವವನೂ ತಮ್ಮ ವಯಸ್ಸಿನವರ ಜೊತೆ ನಿಂತು ಹರಳು ತೆಗೆದುಕೊಂಡಿದ್ದರು. ಆ ವರ್ಷ ಕಣಿವೆಗೆ ಹೋದವರ ಬೆನ್ನನ್ನು ಕಣದಲ್ಲಿ ನಿಂತು ನೋಡಿದಳು. ಬೆನ್ನುಗಳು ಬಹಳ ಹೊತ್ತು ಕಾಣುತ್ತಿದ್ದವು. ಬೇರೆಯವರಿಗೆ ಕಾಣದಾದ ಮೇಲೂ ಅವಳಿಗೆ ಕಾಣುತ್ತಿದ್ದವು. "ನಿಂದೇನೂ ತಪ್ಪಿಲ್ಲ, ಸರಿಯಾಗೇ ಎಣಿಸಿದ್ದೀಯ" ಎಂದು ಮೊದಲಿಗ ಎಲ್ಲರೆದುರು ಹೊಗಳಿದ. ಅವಳು ಕಣಿವೆಯ ಕಡೆಯೇ ನೋಡುತ್ತಿದ್ದಳು.

ಈ ವಸಂತದಲ್ಲಿ ಅವಳ ಜೊತೆ ಹಾಕುವವನಾಗಿ ಹತ್ತಿದವನು ಗೂಳಯ್ಯ. ಬಹಳ ವರ್ಷದಿಂದ ಅವನೇ ಹಾಕುವವನು. ಮಾತು ಕಡಿಮೆ, ಕೈ ನೆಟ್ಟಗೆ. ಬೆಟ್ಟ ಹತ್ತುವ ಮುಂಚೆ ಅವನ ಮಗಳು ಮಾಳವ್ವ ಹೆತ್ತಿದ್ದಳು. ಗೂಳಯ್ಯ ಕೂಸನ್ನು ಒಂದೇ ಸಲ ಎತ್ತಿಕೊಂಡು, ಅದರ ಪಾದವನ್ನು ತನ್ನ ಕಣ್ಣಿಗೆ ಒತ್ತಿಕೊಂಡು, ಗಡಿಗೆ ಹೊತ್ತು ಹೊರಟಿದ್ದ.

ಬೆಳಗಾದರೆ ದ್ಯಾವಕ್ಕ ಅವನ ಕಣ್ಣು ಕಟ್ಟುತ್ತಿದ್ದಳು, ಅವನು ತಡವಿಕೊಂಡು ಅವಳ ಕೈ ಕಟ್ಟುತ್ತಿದ್ದ. ಬೈಗಾದರೆ ಅವನು ಬಿಚ್ಚುತ್ತಿದ್ದ, ಅವಳು ಬಿಚ್ಚುತ್ತಿದ್ದಳು. ನಡುವೆ ಗಾಳಿ ಇತ್ತು. ಗಿಡುಗಗಳು ಒಂದೊಂದಾಗಿ ಬಂದವು, ನಡುವೆ ದೊಡ್ಡ ದೊಡ್ಡ ಬಿಡುವು. ಒಂದೂ ಬಾರದ ದಿನಗಳೂ ಇದ್ದವು. ಅಂಥ ದಿನ ಗೂಳಯ್ಯ ಒಂದೇ ಹರಳನ್ನು ಅಂಗೈಯಲ್ಲಿ ಹಿಡಿದು ಕೂತಿರುತ್ತಿದ್ದ, ಸಂಜೆಗೆ ಅದು ಬೆವರಿನಲ್ಲಿ ಒದ್ದೆಯಾಗಿರುತ್ತಿತ್ತು.

ಗಡಿಗೆಯ ಕತ್ತಿನವರೆಗೆ ಹರಳು ಬಂದರೆ ಊರಿಗೆ ಸಾಲುತ್ತಿತ್ತು. ಕೆಳಗೆ ಹೊಂಗೆ ಉದುರತೊಡಗಿದಾಗ ಗಡಿಗೆಯ ಹೊಟ್ಟೆಯೇ ತುಂಬಿರಲಿಲ್ಲ.

ಕೊನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ಮೋಡವಿಲ್ಲ, ಒಂದು ರೆಕ್ಕೆಯಿಲ್ಲ. ಬಿಸಿಲು ನೆತ್ತಿಗೇರಿತು. ದ್ಯಾವಕ್ಕ ಗಡಿಗೆಯೊಳಗೆ ನೋಡಿದಳು, ಮತ್ತೆ ಮೇಲೆ ನೋಡಿದಳು.

"ಹೋಯ್ತು" ಎಂದಳು.

ಟಕ್ ಎಂದಿತು.

"ಹೋಯ್ತು."

ಟಕ್.

"ಹೋಯ್ತು."

ಸದ್ದು ಬರಲಿಲ್ಲ. ಗೂಳಯ್ಯನ ಕೈ ಗಡಿಗೆಯ ಬಾಯ ಮೇಲೆ ನಿಂತಿತ್ತು.

"ಯಾಕೆ ಗೂಳಣ್ಣ?"

"ಗಿಡುಗ ಕಂಡಾಗ ನಿನ್ನ ಉಸಿರು ಒಂದು ಗಳಿಗೆ ನಿಲ್ತೈತೆ ದ್ಯಾವಕ್ಕ. ಇಷ್ಟು ವರ್ಷ ಅದನ್ನ ಕೇಳ್ಕೊಂಡೇ ಕೂತಿದ್ದೀನಿ. ಈಗ ನಿಲ್ಲಲಿಲ್ಲ."

ಅವಳು ಮತ್ತೆ ಬರಿದಾದ ಆಕಾಶ ನೋಡಿದಳು.

"ಹಿಂದಿನ ಎರಡಕ್ಕೂ ನಿಲ್ಲಲಿಲ್ಲ" ಎಂದ. "ನನ್ನ ಕಿವಿಯೇ ತಪ್ಪಿರಬೇಕು ಅಂದ್ಕೊಂಡು ಹಾಕ್ಬಿಟ್ಟೆ. ಹಾರದೆ ಇರೋ ಗಿಡುಗಕ್ಕೆ ಹರಳು ಹಾಕಿದ್ರೆ ಏನಾಗ್ತೈತೆ ಗೊತ್ತಾ ನಿಂಗೆ?"

"ಗೊತ್ತಿಲ್ಲ. ನಿಂಗೆ ಗೊತ್ತಾ?"

"ನಂಗೂ ಗೊತ್ತಿಲ್ಲ. ಯಾರೂ ಹಾಕಿಲ್ವಲ್ಲ."

"ಹಾಕದೆ ಇದ್ರೆ ಏನಾಗ್ತೈತೆ ಅಂತ ಇಬ್ರಿಗೂ ಗೊತ್ತು. ಈ ಸಲ ಸಾಲಿನ ಕೊನೇಲಿ ನಿನ್ನ ಮಾಳವ್ವನ ಕೂಸು ಐತೆ. ಅದರ ಹಿಂದೆ ನಾನಿದ್ದೀನಿ, ನೀನಿದ್ದೀಯ. ಕೂಸಿಗೋಸ್ಕರ ಅಂತ ಅಷ್ಟೇ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ. ನಂಗೂ ಹೋಗೋಕೆ ಭಯ."

ಗೂಳಯ್ಯ ಹರಳನ್ನು ಅಂಗೈಯಲ್ಲಿ ಅದುಮಿ ಹಿಡಿದ. ಅವನ ಕಣ್ಣಿಗೆ ಕಟ್ಟಿದ ಬಟ್ಟೆ ಎರಡು ಕಡೆ ಒದ್ದೆಯಾಯಿತು. ಆಮೇಲೆ ಟಕ್ ಎಂದಿತು.

ಮತ್ತೆ ಅವಳು ಹೇಳುವ ಮೊದಲೇ ಟಕ್ ಎಂದಿತು. ಮತ್ತೆ. ಮತ್ತೆ. ಗೂಳಯ್ಯ ರಾಶಿಗೆ ಕೈ ಹಾಕಿ ಒಂದೊಂದಾಗಿ ತೆಗೆದು ಹಾಕುತ್ತಲೇ ಹೋದ. ಮೊದಲು ನಿಧಾನವಾಗಿ, ಆಮೇಲೆ ಅವಸರವಾಗಿ, ಆಮೇಲೆ ಹಿಡಿಹಿಡಿಯಾಗಿ. ಹರಳು ಗಡಿಗೆಯ ಕತ್ತು ಮುಟ್ಟಿತು. "ಸಾಕು ಗೂಳಣ್ಣ" ಎಂದಳು. ಅವನಿಗೆ ಕೇಳಿಸಲಿಲ್ಲ. ಕತ್ತು ದಾಟಿತು. ಅವಳ ಕೈ ಕಟ್ಟಿತ್ತು, ಅವನನ್ನು ಹಿಡಿದು ನಿಲ್ಲಿಸುವಂತಿರಲಿಲ್ಲ. ಕೊನೆಗೆ ಕಾಲಿನಿಂದ ಗಡಿಗೆಯನ್ನು ಮೆಲ್ಲಗೆ ಆಚೆ ಸರಿಸಿದಳು. ಅವನ ಹರಳು ಬಂಡೆಯ ಮೇಲೆ ಬಿದ್ದು ಉರುಳಿಹೋದ ಮೇಲೆ ಕೈ ನಿಂತಿತು.

ಕಣ್ಣು ಬಿಚ್ಚಿದಾಗ ಗೂಳಯ್ಯ ಗಡಿಗೆ ನೋಡಿ ಬೆಚ್ಚಿದ. "ಇಷ್ಟೊಂದಾ? ಹೆಚ್ಚಾದ್ದನ್ನ ತೆಗೀಬೇಕು."

"ತೆಗಿ ಹಾಗಾದ್ರೆ."

ಅವನು ಗಡಿಗೆಯ ಬಾಯಿಯವರೆಗೆ ಕೈ ಒಯ್ದು ಹಿಂದಕ್ಕೆ ಎಳೆದುಕೊಂಡ. "ಹಾಕೋದು ಮಾತ್ರ ಬರ್ತೈತೆ ನಂಗೆ" ಎಂದ.

ಕಟ್ಟಳೆಯಂತೆ, ತಲೆಯ ಮೇಲಿನ ಸಿಂಬಿಯ ಮೇಲೆ ಗಡಿಗೆಯಿಟ್ಟುಕೊಂಡು, ಒಂದು ಹರಳೂ ಅಲುಗದ ಹಾಗೆ ಅವನು ಬೆಟ್ಟ ಇಳಿದ.

ಕಣದಲ್ಲಿ ಸಾಲು ಆಗಲೇ ನಿಂತಿತ್ತು. ಹಿಂದೆ ನಿಂತವರು ಗಂಟುಮೂಟೆ ಕಟ್ಟಿಕೊಂಡೇ ಬಂದಿದ್ದರು. ಗಡಿಗೆ ಇಳಿಸಿದಾಗ ಮುಂದಿನವರು ಅದರ ಬಾಯಿ ನೋಡಿದರು. ಬೆಳ್ಳಗೆ ತುಂಬಿ ನಿಂತ ಹರಳು ಕಂಡು ಸಾಲಿನುದ್ದಕ್ಕೂ ಒಂದು ಉಸಿರು ಹಾದುಹೋಯಿತು. ಮೊದಲಿಗ ಕೈ ಮುಗಿದು ಮೇಲಿನ ಹರಳನ್ನು ತೆಗೆದುಕೊಂಡ. ಅವನ ಹಿಂದೆ ಅವನ ಓರಗೆಯವರು ತೆಗೆದುಕೊಂಡರು. ಅವರ ಹಿಂದೆ ಅವರ ಮಕ್ಕಳು, ಅವರ ಹಿಂದೆ ಮೊಮ್ಮಕ್ಕಳು. ಗಡಿಗೆ ಇಳಿಯುತ್ತ ಇಳಿಯುತ್ತ ಹೋಯಿತು. ಮಾಳವ್ವ ಮೊಳಕೈವರೆಗೆ ತೋಳಿಳಿಸಿ ತೆಗೆದ ಹರಳನ್ನು ಕೂಸಿನ ಮುಷ್ಟಿಗೆ ಇಟ್ಟಳು. ಕೂಸು ಅದನ್ನು ಗಟ್ಟಿಯಾಗಿ ಹಿಡಿಯಿತು. ದ್ಯಾವಕ್ಕ ತೆಗೆದಳು. ಗೂಳಯ್ಯ ತೆಗೆದ.

ಎಲ್ಲರಿಗೂ ಸಿಕ್ಕಿತ್ತು. ಗಂಟು ಕಟ್ಟಿಕೊಂಡು ಬಂದವರು ಅಲ್ಲೇ ಕೂತು ಅಳತೊಡಗಿದರು.

ಮೊದಲಿಗ ಬಂದು ಗಡಿಗೆಯನ್ನು ಅಲುಗಿಸಿದ. ಒಳಗೆ ಇನ್ನೂ ಹರಳು ಸದ್ದು ಮಾಡಿತು. ಅವನ ಮುಖ ಗಂಟಿಕ್ಕಿತು.

"ನಾನೂ ದಿನಾ ಜಗಲಿ ಮೇಲೆ ಕೂತು ಆಕಾಶ ನೋಡಿದ್ದೀನಿ. ನನ್ನ ಕಣ್ಣು ಮಂದ ಇರಬಹುದು, ಆದರೆ ಬಿಸಿಲಿಗೆ ನೆರಳು ಬಿದ್ದರೆ ನಂಗೂ ತಿಳೀತದೆ. ಗೂಳಯ್ಯ, ಇಲ್ಲಿ ಬಾ. ಗಡಿಗೆ ಮೇಲೆ ಕೈಯಿಟ್ಟು ಹೇಳು. ಇದರಾಗಿದ್ದದ್ದೆಲ್ಲ ಹಾರಿದ್ದೇನಾ?"

ದ್ಯಾವಕ್ಕ ಗೂಳಯ್ಯನ ಕಡೆ ನೋಡಿದಳು. ಮಾಳವ್ವ ನೋಡಿದಳು. ಗೂಳಯ್ಯ ಗಡಿಗೆಯ ಮೇಲೆ ಕೈಯಿಟ್ಟ. ಅವನ ತುಟಿ ಅಲುಗಿತು. ಸುಳ್ಳು ಅವನ ಬಾಯವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅದು ಹೊರಗೆ ಬರಲಿಲ್ಲ.

"ಎಲ್ಲಾ ಅಲ್ಲ" ಎಂದ.

"ಎಷ್ಟು ಹಾರಿಲ್ಲ?"

"ಗೊತ್ತಿಲ್ಲ. ಕೊನೇ ದಿನ ಕೈ ನಿಲ್ಲಲಿಲ್ಲ."

"ಅವನನ್ನ ಯಾಕೆ ಕೇಳ್ತೀರಿ?" ದ್ಯಾವಕ್ಕ ಮುಂದೆ ಬಂದಳು. "ಹೋಯ್ತು ಅಂತ ಶುರು ಮಾಡಿದವಳು ನಾನು. ಇಷ್ಟು ಮಂದಿ ಮನೆಗೆ ಹೋಗೋ ಹಾಗಾಯ್ತಲ್ಲ, ಅದರಾಗೆ ಯಾರಿಗೇನು ಕೆಟ್ಟದ್ದಾಯ್ತು?"

ಜನ ತಮ್ಮ ತಮ್ಮ ಅಂಗೈ ಬಿಚ್ಚಿ ನೋಡಿಕೊಂಡರು. ಹರಳುಗಳೆಲ್ಲ ಒಂದೇ ಬಣ್ಣ, ಒಂದೇ ಗಾತ್ರ. ಗಂಡ ಹೆಂಡತಿಯ ಕೈ ನೋಡಿದ, ಅಣ್ಣ ತಮ್ಮನ ಕೈ ನೋಡಿದ. ಯಾರ ಬಳಿ ಇರುವುದು ಹಾರಿದ್ದು, ಯಾರ ಬಳಿ ಇರುವುದು ಹಾರದ್ದು ಎಂದು ತಿಳಿಯುವ ಬಗೆಯಿರಲಿಲ್ಲ.

"ಕೊನೇ ದಿನ ಹಾಕಿದ್ದು ಅಂದನಲ್ಲ ನಮ್ಮಪ್ಪ." ಸಾಲಿನ ಕೊನೆಯಿಂದ ಮಾಳವ್ವ ಹೇಳಿದಳು. ಅವಳ ದನಿ ಗಟ್ಟಿಯಾಗಿರಲಿಲ್ಲ, ಆದರೆ ಕಣ ಅಷ್ಟು ಸದ್ದಿಲ್ಲದೆ ಇತ್ತು. "ಕೊನೆಗೆ ಹಾಕಿದ್ದು ಮೇಲೆ ಇರ್ತದೆ. ಗಡಿಗೆ ಅಲುಗಿಲ್ಲ. ಮೇಲಿಂದ ತಗೊಂಡವರು ಯಾರು? ನನ್ನ ಕೂಸಿಗೆ ಸಿಕ್ಕಿದ್ದು ತಳದ್ದು. ಮೊದಲ ದಿನ ಹಾರಿದ್ದು."

ಯಾರೂ ಮೊದಲಿಗನ ಕಡೆ ನೋಡಲಿಲ್ಲ. ಅವನ ಓರಗೆಯವರು ತಮ್ಮ ಮುಷ್ಟಿಗಳನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಂಡರು. ಒಬ್ಬ ಮುದುಕಿ ಮಾತ್ರ ತನ್ನ ಹರಳನ್ನು ನೋಡುತ್ತ, ಏನೋ ಹೇಳಬೇಕೆಂದು ಬಾಯಿ ತೆರೆದಳು. ಪಕ್ಕದಲ್ಲಿದ್ದ ಮಗ ಅವಳ ಭುಜ ಅದುಮಿದ. ಅವಳು ಬಾಯಿ ಮುಚ್ಚಿದಳು.

ಮೊದಲಿಗ ಕೆಮ್ಮಿದ. "ಹರಳಿಗೆ ಮೇಲು ಕೆಳಗು ಇಲ್ಲ. ಸಾಲಿಗೆ ಐತೆ. ಸಾಲದೆ ಬಂದಾಗ ಹಿಂದಿನವರಿಗೆ ಇಲ್ಲ ಅನ್ನೋದೇ ಕಟ್ಟಳೆ."

ಅವನು ಊರುಗೋಲು ಹಿಡಿದು ಸಾಲಿನ ಕೊನೆಗೆ ನಡೆದ. ಅಲ್ಲಿಂದ ಒಬ್ಬೊಬ್ಬರನ್ನೇ ನೋಡುತ್ತ ಮುಂದಕ್ಕೆ ಬಂದ. ದ್ಯಾವಕ್ಕನನ್ನು ದಾಟಿದ, ಕೂಸುಗಳನ್ನು ದಾಟಿದ, ಆಗಷ್ಟೇ ನಡೆಯಲು ಕಲಿತವರನ್ನು ದಾಟಿದ. ಅವನ ಮೊಮ್ಮಗ ನಿಂತಲ್ಲಿಗೆ ಬಂದಾಗ, ಮೊಮ್ಮಗನ ಹಿಂದೆ ಊರುಗೋಲನ್ನು ನೆಲಕ್ಕೆ ಊರಿ ಅಡ್ಡ ಗೆರೆ ಎಳೆದ.

"ಇಲ್ಲಿಂದ ಆಚೆಯವರು" ಎಂದ. ಆಮೇಲೆ ಗೂಳಯ್ಯನ ಕಡೆ ತಿರುಗಿ, "ನೀನು ನಿಜ ಹೇಳಿದೆ. ನೀನಿರಬಹುದು" ಎಂದ.

ಗೆರೆಯಾಚೆಯವರ ಹರಳುಗಳನ್ನು ಒಬ್ಬೊಬ್ಬರಿಂದ ಇಸಿದುಕೊಂಡರು. ಕೂಸಿನ ಬೆರಳು ಬಿಡಿಸಲು ಇಬ್ಬರು ಬೇಕಾದರು.

"ಮಾಳೀ, ನಾನು ಹೋಗ್ತೀನಿ" ಎಂದು ಗೂಳಯ್ಯ ಓಡಿ ಬಂದು ತನ್ನ ಹರಳನ್ನು ಮಗಳತ್ತ ಚಾಚಿದ. "ಇದನ್ನ ಇಟ್ಕೋ, ಕೂಸಿಗೆ."

ಮಾಳವ್ವ ಅದನ್ನು ಮುಟ್ಟಲಿಲ್ಲ. "ಒಂದು ಮಾತು ನುಂಗಿಕೊಂಡಿದ್ರೆ ಸಾಕಿತ್ತಪ್ಪ" ಎಂದಳು. ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಕಣಿವೆಯ ಕಡೆ ನಡೆದಳು. ಗೂಳಯ್ಯ ಕೊನೆಯ ಹೊಲದವರೆಗೆ ಹಿಂದೆ ಹಿಂದೆ ಬಂದ. ಅವಳು ತಿರುಗಲಿಲ್ಲ. ಅವನ ಕಾಲು ಅಲ್ಲಿಂದ ಮುಂದೆ ಬರಲಿಲ್ಲ.

ಕಣಿವೆ ಉದ್ದವಿತ್ತು. ತಾಯಂದಿರು ಮುಂದೆ, ಕೈ ಹಿಡಿದ ಮಕ್ಕಳು ನಡುವೆ, ದ್ಯಾವಕ್ಕ ಹಿಂದೆ. ತಂದಿದ್ದ ರೊಟ್ಟಿ ಮುಗಿಯಿತು. ಹುಲ್ಲಿಲ್ಲ, ಗಿಡವಿಲ್ಲ, ಕರಿಬಂಡೆಗಳ ನಡುವೆ ನೀರಿನ ಒಂದು ಎಳೆ ಮಾತ್ರ. ಮಾಳವ್ವನ ಎದೆಯಲ್ಲಿ ಹಾಲು ಕಡಿಮೆಯಾಗುತ್ತ ಬಂತು. ಕೂಸು ಅಳುವುದನ್ನು ನಿಲ್ಲಿಸಿ ಚೀಪುವುದನ್ನು ಮಾತ್ರ ಮಾಡುತ್ತಿತ್ತು.

ಕಣಿವೆ ಮುಗಿದಲ್ಲಿ ಹೊಗೆ ಕಂಡಿತು.

ಬಂಡೆಗಳ ಮರೆಯಲ್ಲಿ ಹತ್ತಾರು ಗುಡಿಸಲುಗಳಿದ್ದವು. ಗುಡಿಸಲ ಮಾಡಿಗೆ ಹುಲ್ಲಿನ ಬದಲು ಕಂದು ಗರಿ ಹೊದಿಸಿತ್ತು. ಎರಡು ಎತ್ತರದ ಬಂಡೆಗಳ ನಡುವೆ, ಬೆಟ್ಟದ ನೆತ್ತಿ ದಾಟಿ ದಣಿದ ಗಿಡುಗಗಳು ಕೆಳಗಿಳಿಯುವ ಗಾಳಿಯ ದಾರಿಯಲ್ಲಿ, ಒಂದು ದೊಡ್ಡ ಬಲೆ ಮಡಿಸಿ ಬಿದ್ದಿತ್ತು. ಒಲೆಯ ಮುಂದೆ ಕೂತಿದ್ದ ಹೆಂಗಸು ಹೊಗೆಗೆ ಕೆಂಪಾದ ಕಣ್ಣನ್ನು ಕಿರಿದು ಮಾಡಿ ಬಂದವರನ್ನು ನೋಡಿದಳು. ಅವಳು ಕೊಟ್ರವ್ವ. ಹರಳು ಸಾಲದೆ ಹೋದ ವರ್ಷ ಎಳೆಗೂಸು ಎತ್ತಿಕೊಂಡು ಊರು ಬಿಟ್ಟವಳು. ಈಗ ಅವಳ ಹತ್ತಿರ ಕೂಸಿರಲಿಲ್ಲ.

"ದ್ಯಾವಕ್ಕ ಅಲ್ವಾ ನೀನು?" ಎಂದಳು. "ನಮ್ಮ ವರ್ಷ ಎಣಿಸಿದವಳು."

"ಹೌದು."

"ನೀನು ಬರ್ತೀಯ ಅಂತ ಎಣಿಸಿರಲಿಲ್ಲ. ಕೂತ್ಕೋ."

ಅವಳು ಒಲೆಯ ಮೇಲಿನ ಪಾತ್ರೆಯಿಂದ ಮಾಂಸ ತೆಗೆದು ಎಲ್ಲರಿಗೂ ಕೊಟ್ಟಳು. ಮಾಳವ್ವ ಇದೇನೆಂದು ಕೇಳದೆ ತಿಂದಳು. ಮಕ್ಕಳು ಎಲುಬು ಚೀಪಿದರು. ದ್ಯಾವಕ್ಕ ತನಗೆ ಕೊಟ್ಟ ತುಂಡನ್ನು ಕೈಯಲ್ಲಿ ಹಿಡಿದು ಗುಡಿಸಲ ಮಾಡು ನೋಡಿದಳು. ಆ ಗರಿಗಳನ್ನು ಅವಳು ಕೆಳಗಿನಿಂದ ಮಾತ್ರ ನೋಡಿದ್ದಳು, ಆಕಾಶದಲ್ಲಿ, ಬಿಚ್ಚಿ ಹರಡಿದಾಗ.

"ಕೊಟ್ರವ್ವ, ಇವು ಇಲ್ಲಿ ಸತ್ತರೆ ಮುಂದಿನ ವರ್ಷ ನಮ್ಮ ನೆತ್ತಿ ದಾಟೋದು ಹೇಗೆ?"

"ದಾಟೋದಿಲ್ಲ."

"ಕಡಿಮೆಯಾದರೆ ಊರಿಂದ ಇನ್ನಷ್ಟು ಜನ..."

"ಗೊತ್ತು." ಕೊಟ್ರವ್ವ ಒಲೆಗೆ ಊದಿದಳು. "ಮೊದಲ ವರ್ಷವೇ ಗೊತ್ತಾಯ್ತು. ನಮಗಿಂತ ಮೊದಲು ಯಾರೋ ಇಬ್ಬರೋ ಮೂವರೋ ಬಂದಿದ್ದರು, ಯಾವ ತಪ್ಪಿಗೆ ಓಡಿಸಿದ್ದರೋ. ಬಲೆ ಕಟ್ಟಿದವರು ಅವರು. ನಾನು ಬಂದಾಗ ಮುಟ್ಟೋದಿಲ್ಲ ಅಂದೆ. ನನ್ನ ಕೂಸು ಸಾಯೋವರೆಗೂ ಹಾಗೇ ಅಂತಿದ್ದೆ. ಇಲ್ಲಿ ಬೇರೆ ಏನು ಬೆಳೀತದೆ, ನೀನೇ ನೋಡು. ಏನು ತಿನ್ನಬೇಕಿತ್ತು ನಾವು? ಹೇಳು, ಅದನ್ನ ಮಾಡ್ತೀವಿ."

ದ್ಯಾವಕ್ಕ ಸುತ್ತ ನೋಡಿದಳು. ಕರಿಬಂಡೆ ಬಿಟ್ಟರೆ ಏನೂ ಕಾಣಲಿಲ್ಲ.

"ಊರಿಗೆ ಹೋಗಿ ಹೇಳಿದ್ರೆ?" ಎಂದಳು ಕೊನೆಗೆ.

"ಹೋದವನು ಒಬ್ಬ ಇದ್ದ. ಕಟ್ಟಳೆ ಮುರಿದು ತಿರುಗಿ ಬಂದ ಅಂತ ಕೊನೆಯ ಹೊಲದ ಹತ್ತಿರ ಕಲ್ಲಲ್ಲಿ ಹೊಡೆದ್ರು. ಮಾತಾಡೋಕೆ ಬಿಡಲಿಲ್ಲ."

ಆ ರಾತ್ರಿ ಕಳೆದು ಬೆಳಗಾಯಿತು. ಮಾಂಸ ಮುಗಿದಿತ್ತು. ಕೊಟ್ರವ್ವ ಬಂದು ದ್ಯಾವಕ್ಕನ ಎದುರು ಕೂತಳು.

"ನಮ್ಮ ಕಣ್ಣೆಲ್ಲ ಹೊಗೆಗೆ ಹೋದವು. ಬಲೆ ಎತ್ತೋ ಹೊತ್ತಿಗೆ ಹಕ್ಕಿ ದಾಟಿಹೋಗಿರ್ತದೆ. ಈಗ ಕೊನೆಯವು, ತಡವಾಗಿ ಬರೋವು ಒಂದೆರಡು ಇರ್ತಾವೆ. ಆ ಎತ್ತರದ ಬಂಡೆ ಮೇಲೆ ಕೂತು ನೋಡ್ತೀಯಾ? ಕಂಡರೆ ಕೈ ಎತ್ತು. ಸಾಕು."

"ಒಲ್ಲೆ."

ಕೊಟ್ರವ್ವ ಬಲವಂತ ಮಾಡಲಿಲ್ಲ. ಅವಳು ಎದ್ದುಹೋದ ಮೇಲೆ ಮಾಳವ್ವ ಬಂದಳು. ಕೂಸನ್ನು ದ್ಯಾವಕ್ಕನ ಮಡಿಲಲ್ಲಿಟ್ಟಳು. "ನಿನ್ನೆ ತಿಂದಿದ್ದಕ್ಕೆ ಬೆಳಗ್ಗೆ ಸ್ವಲ್ಪ ಹಾಲು ಬಂತು ಚಿಕ್ಕವ್ವ" ಎಂದಳು.

ಬಿಸಿಲೇರಿದಾಗ ದ್ಯಾವಕ್ಕ ಬಂಡೆ ಹತ್ತಿದಳು. ಬೆಟ್ಟ ಈ ಕಡೆಯಿಂದ ಬೇರೆಯದೇ ಬೆಟ್ಟದ ಹಾಗೆ ಕಾಣುತ್ತಿತ್ತು. ನೆತ್ತಿಯ ಮೇಲೆ ಈಗ ಯಾರೂ ಇರಲಿಲ್ಲ. ಕೆಳಗೆ ಜನ ಹಗ್ಗ ಹಿಡಿದು ಅವಳನ್ನೇ ನೋಡುತ್ತ ನಿಂತಿದ್ದರು.

ಬಹಳ ಹೊತ್ತಿನ ಮೇಲೆ ನೆತ್ತಿಯ ಮೇಲೆ ಒಂದು ಚುಕ್ಕೆ ಮೂಡಿತು. ರೆಕ್ಕೆ ಬಡಿಯದೆ, ಗಾಳಿಯ ಮೇಲೆ ಮಲಗಿದ ಹಾಗೆ ಬರುತ್ತಿತ್ತು. ವಯಸ್ಸಾದ ಹೆಣ್ಣು ಗಿಡುಗ, ಬಾಲದ ಒಂದು ಗರಿ ಮುರಿದಿತ್ತು. ಸುಮ್ಮನೆ ಕೂತರೆ ಅದು ದಾಟಿಹೋಗುತ್ತದೆ. ಗೂಡು ಕಟ್ಟುತ್ತದೆ, ಮರಿ ಮಾಡುತ್ತದೆ, ಮುಂದಿನ ವಸಂತದಲ್ಲಿ ಮರಿಗಳ ಜೊತೆ ನೆತ್ತಿ ದಾಟುತ್ತದೆ. ಆ ಮರಿಗಳ ಹೆಸರಿನಲ್ಲಿ ಯಾರದೋ ಕೂಸು ಊರಿನಲ್ಲಿ ಉಳಿಯುತ್ತದೆ. ದ್ಯಾವಕ್ಕನಿಗೆ ಅದೆಲ್ಲ ಗಿಡುಗದಷ್ಟೇ ಸ್ಪಷ್ಟವಾಗಿ ಕಂಡಿತು. ಕೆಳಗೆ ಮಾಳವ್ವ ಕೂಸನ್ನು ಎದೆಗೆ ಹಚ್ಚಿಕೊಂಡು ಕೂತಿದ್ದಳು. ಕೂಸು ಬಾಯಿ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು.

ಗಿಡುಗ ಬಂಡೆಗಳ ನಡುವಿನ ಗಾಳಿಗೆ ಇಳಿಯಿತು.

ದ್ಯಾವಕ್ಕ ಕೈ ಎತ್ತಿದಳು. ಬಲೆ ಎದ್ದಿತು.

ಆ ಸಂಜೆ ಅವಳೂ ತಿಂದಳು. ತಡವಾಗಿ ಬರುವ ಹಕ್ಕಿಗಳು ಮುಗಿಯುವವರೆಗೂ ದಿನವೂ ಬಂಡೆ ಹತ್ತಿದಳು, ಒಂದೂ ತಪ್ಪಿಹೋಗಲಿಲ್ಲ. ಗಿಡುಗಗಳು ತೆಂಕಣಕ್ಕೆ ಮರಳುವ ಕಾಲಕ್ಕೂ ಬಲೆ ಎದ್ದಿತು. ಮಾಳವ್ವನ ಕೂಸು ಉಳಿಯಿತು, ಬಂಡೆಗಳ ನಡುವೆ ಅಂಬೆಗಾಲಿಟ್ಟಿತು.

ಮುಂದಿನ ವರ್ಷ ಹೊಂಗೆ ಉದುರುವ ಕಾಲಕ್ಕೆ ಕಣಿವೆಯಿಂದ ಇಳಿದು ಬಂದ ಜನರ ಸಾಲು ಕಣ್ಣಿಗೆ ನಿಲುಕದಷ್ಟು ಉದ್ದವಿತ್ತು. ದ್ಯಾವಕ್ಕ ಅವರನ್ನು ಒಲೆಯ ಹತ್ತಿರ ಕೂರಿಸಿದಳು, ಇದ್ದದ್ದನ್ನು ಹಂಚಿದಳು. ತಿಂದಾದ ಮೇಲೆ, ಕೈ ಗಟ್ಟಿಯಿದ್ದವರನ್ನು ಕರೆದು, ಎರಡನೆಯ ಬಲೆ ಹೆಣೆಯುವುದು ಹೇಗೆಂದು ತೋರಿಸಿಕೊಟ್ಟಳು.